ನಾಟಿ, ಗಿರಿರಾಜ, ಕಡಕ್‌ನಾಥ್ ಒಂದೇ ಹಿತ್ತಲಲ್ಲಿ: ರಕ್ತ ಹರಿಯದಂತೆ ಕೋಳಿಗಳನ್ನು ಕೂಡಿಸುವ ಕ್ರಮ

ಹಿತ್ತಲಲ್ಲಿ ಏಳೆಂಟು ನಾಟಿ ಕೋಳಿ ಇಟ್ಟುಕೊಂಡವರು ಮೊಟ್ಟೆ ಸಾಲದೆಂದು ಗಿರಿರಾಜವನ್ನೋ ಸ್ವರ್ಣಧಾರವನ್ನೋ ಕಡಕ್‌ನಾಥನ್ನೋ ತಂದು, ಬುಟ್ಟಿಯ ಮುಚ್ಚಳ ತೆಗೆದು, ಹಗಲಿನಲ್ಲೇ ಹಳೆಯ ಕೋಳಿಗಳ ನಡುವೆ ಬಿಡುತ್ತಾರೆ. ಎರಡನೆಯ ದಿನಕ್ಕೆ ಒಂದರ ತಲೆ ಒಡೆದಿರುತ್ತದೆ, ಇನ್ನೊಂದು ಸೌದೆ ಒಟ್ಟಿಲಿನ ಸಂದಿಯಿಂದ ಹೊರಗೇ ಬರುವುದಿಲ್ಲ, ವಾರ ಕಳೆಯುವಷ್ಟರಲ್ಲಿ ಒಂದು ಸತ್ತಿರುತ್ತದೆ. ಆ ತಳಿ ನಮ್ಮ ಹಿತ್ತಲಿಗೆ ಒಗ್ಗಲಿಲ್ಲ ಎಂದು ಅಲ್ಲಿಗೆ ಕೈಬಿಡುತ್ತಾರೆ. ತಪ್ಪು ಬಹುಪಾಲು ತಳಿಯದಲ್ಲ, ಕೆಲಸದ ಕ್ರಮದ್ದು. ಕೋಳಿ ಮೊದಲು ಬಂದು ಜಾಗದ ಏರ್ಪಾಡು ಆಮೇಲೆ ಆರಂಭವಾದ ಹಿತ್ತಲುಗಳಲ್ಲಿ ಇದು ಮತ್ತೆ ಮತ್ತೆ ನಡೆಯುತ್ತದೆ.

ಇಲ್ಲಿ ಹೇಳಿರುವುದು 10ರಿಂದ 25 ಕೋಳಿಗಳಿರುವ ಮನೆಮಟ್ಟದ ಸಾಕಣೆಗೆ ಹೊಂದುವ ಕ್ರಮ. ಹೊಸ ಕೋಳಿ ಮನೆಗೆ ಬಂದ ದಿನದಿಂದ ಹಳೆಯವುಗಳೊಡನೆ ಪೂರ್ತಿ ಬೆರೆಯುವವರೆಗೆ ಆರರಿಂದ ಎಂಟು ವಾರ ಹಿಡಿಯುತ್ತದೆ. ಜಗಳವೇ ಇಲ್ಲದ ಕೋಳಿ ಹಿಂಡು ಇರುವುದಿಲ್ಲ. ಯಾರು ಮೊದಲು ಮೇಯಬೇಕು, ಯಾರು ಎಲ್ಲಿ ಕೂರಬೇಕು ಎಂಬ ಸರದಿಯನ್ನು ಅವು ಕುಕ್ಕಿಯೇ ಗೊತ್ತುಮಾಡಿಕೊಳ್ಳುತ್ತವೆ. ಆ ಕುಕ್ಕಾಟ ಗಾಯಕ್ಕೆ ತಿರುಗದಂತೆ ನೋಡಿಕೊಳ್ಳುವುದಷ್ಟೇ ನಮ್ಮ ಕೈಯಲ್ಲಿರುವುದು, ಮತ್ತು ಅದು ಖಂಡಿತ ಸಾಧ್ಯ.

ಮೊದಲೇ ಕೂಡಿಸಿಟ್ಟುಕೊಳ್ಳಬೇಕಾದ ಸಾಮಾನು

ಕೋಳಿ ತರುವ ಮುನ್ನವೇ ಇವು ಮನೆಯಲ್ಲಿರಬೇಕು: ಅರ್ಧ ಇಂಚು ಕಣ್ಣಿನ ಗಟ್ಟಿ ತಂತಿಬಲೆ, ನಾಲ್ಕೈದು ಕೋಳಿ ಹಿಡಿಸುವ ಒಂದು ಪ್ರತ್ಯೇಕ ಪಂಜರ, ಈಗಿರುವುದಕ್ಕಿಂತ ಹೆಚ್ಚಾಗಿ ಎರಡು ಮೇವಿನ ಬಟ್ಟಲು ಮತ್ತು ಎರಡು ನೀರಿನ ಡಬ್ಬಿ, ಕಾಲಿಗೆ ಹಾಕುವ ಬಣ್ಣದ ಪ್ಲಾಸ್ಟಿಕ್ ಉಂಗುರಗಳು, ಟಾರ್ಚು, ತೂಕದ ಮಾಪಕ, ಗಾಯ ನಂಜಾಗದಂತೆ ಹಚ್ಚುವ ಪೊವಿಡೋನ್ ಅಯೋಡಿನ್ ಮತ್ತು ಅದರ ಮೇಲೆ ಹಚ್ಚುವ ನೇರಳೆ ಬಣ್ಣದ ಜೆನ್ಷಿಯನ್ ವಯೋಲೆಟ್. ಬಣ್ಣದ ಉಂಗುರವನ್ನು ಅನೇಕರು ಅಲಂಕಾರವೆಂದು ಬಿಟ್ಟುಬಿಡುತ್ತಾರೆ. ಒಂದೇ ಬಣ್ಣದ ಆರು ಹೇಂಟೆಗಳಲ್ಲಿ ಕುಕ್ಕುತ್ತಿರುವುದು ಯಾವುದು, ಕುಕ್ಕಿಸಿಕೊಳ್ಳುತ್ತಿರುವುದು ಯಾವುದು ಎಂದು ಗುರುತು ಸಿಗದಿದ್ದರೆ ಮುಂದಿನ ಯಾವ ಹಂತವೂ ನಡೆಯುವುದಿಲ್ಲ.

ಹಂತ 1: ಜಾಗವನ್ನು ಸರಿಪಡಿಸಿಕೊಳ್ಳುವುದು

ರಾತ್ರಿ ಕೂಡುವ ಗೂಡಿನೊಳಗೆ ಬೆಳೆದ ನಾಟಿ ಕೋಳಿಗೆ ಕನಿಷ್ಠ 3 ಚದರ ಅಡಿ, ಗಿರಿರಾಜದಂತಹ ಭಾರದ ಕೋಳಿಗೆ 4 ಚದರ ಅಡಿ ಬೇಕು. ಹಾಗಾಗಿ ಹನ್ನೆರಡು ಕೋಳಿಗೆ 6 ಅಡಿ ಅಗಲ, 8 ಅಡಿ ಉದ್ದದ ಗೂಡು ಸಾಕಾಗುತ್ತದೆ. ಹೊರಗೆ ಬೇಲಿಯೊಳಗೆ ಅಡ್ಡಾಡಿಸುವುದಾದರೆ ತಲಾ 10 ಚದರ ಅಡಿಗೆ ಕಡಿಮೆಯಾಗಬಾರದು. ಈಗಿರುವ ಕೋಳಿಗಳ ಲೆಕ್ಕಕ್ಕಲ್ಲ, ಹೊಸವು ಸೇರಿದ ಮೇಲಿನ ಲೆಕ್ಕಕ್ಕೆ ಅಳೆಯಿರಿ.

ಕೂರುವ ಗಳುಗಳನ್ನೆಲ್ಲ ಒಂದೇ ಎತ್ತರದಲ್ಲಿ ಕಟ್ಟಬೇಕು. ಮೆಟ್ಟಿಲಿನಂತೆ ಒಂದರ ಮೇಲೊಂದು ಕಟ್ಟಿದರೆ ಎಲ್ಲವೂ ತುತ್ತತುದಿಯ ಗಳುವಿಗಾಗಿಯೇ ದಿನಾ ಸಂಜೆ ಕಾದಾಡುತ್ತವೆ. ಗಿರಿರಾಜದ ಮೈಭಾರಕ್ಕೆ ಎತ್ತರ ಹಾರುವುದು ಕಷ್ಟ. ಅದು ಕೆಳಗೇ ಉಳಿದು ಮೇಲಿನವುಗಳ ಹಿಕ್ಕೆಯಲ್ಲಿ ನೆನೆಯುತ್ತದೆ, ಇಲ್ಲವೇ ಬೆಳಗ್ಗೆ ಧೊಪ್ಪನೆ ಧುಮುಕಿ ಅಂಗಾಲಿಗೆ ಪೆಟ್ಟು ಮಾಡಿಕೊಳ್ಳುತ್ತದೆ. ನೆಲದಿಂದ ಒಂದೂವರೆ ಅಡಿ ಎತ್ತರ, ಎರಡು ಇಂಚು ದಪ್ಪ, ಅಂಚು ಉಜ್ಜಿದ ಗಳು, ತಲಾ 8ರಿಂದ 10 ಇಂಚು ಜಾಗ: ಇಷ್ಟು ಎಲ್ಲ ತಳಿಗೂ ಹೊಂದುತ್ತದೆ. ನಾಲ್ಕು ಹೇಂಟೆಗೆ ಒಂದರಂತೆ ಮೊಟ್ಟೆ ಇಡುವ ಬುಟ್ಟಿ ಅಥವಾ ಪೆಟ್ಟಿಗೆಯನ್ನು ಗಳುವಿಗಿಂತ ಕೆಳಗೆ, ಅರೆಗತ್ತಲೆಯ ಮೂಲೆಯಲ್ಲಿ ಇಡಬೇಕು.

ಜಗಳ ಕಡಿಮೆ ಮಾಡುವಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ಮೇವಿನ ಬಟ್ಟಲುಗಳ ಜಾಗ. ಒಂದು ಬಟ್ಟಲಿನ ಮುಂದೆ ನಿಂತ ಕೋಳಿಗೆ ಇನ್ನೊಂದು ಬಟ್ಟಲು ಕಣ್ಣಿಗೆ ಬೀಳಬಾರದು. ಗೂಡಿನ ಒಳಗೊಂದು, ಬೇಲಿಯ ಮೂಲೆಯಲ್ಲೊಂದು, ಗೋಡೆಯ ಆಚೆಗೊಂದು ಇಟ್ಟರೆ ಹಿಂಡಿನ ಯಜಮಾನಿ ಹೇಂಟೆ ಮೂರನ್ನೂ ಒಟ್ಟಿಗೆ ಕಾಯಲಾರದು. ಒಂದೇ ಕಡೆ ಮೂರು ಬಟ್ಟಲು ಸಾಲಾಗಿ ಇಟ್ಟರೆ ಅದು ಒಂದು ಬಟ್ಟಲಿಗೇ ಸಮ. ಜೊತೆಗೆ ಹಲಗೆಯೊಂದನ್ನು ಗೋಡೆಗೆ ಒರಗಿಸಿ, ಎರಡು ಕಡೆಯೂ ತೆರೆದಿರುವ ಸಂದಿ ಮಾಡಿಕೊಡಿ. ಅಟ್ಟಿಸಿಕೊಂಡು ಬಂದ ಕೋಳಿ ಒಂದು ಕಡೆ ನುಗ್ಗಿ ಇನ್ನೊಂದು ಕಡೆ ಹೊರಬೀಳಬೇಕು. ಒಂದೇ ಬಾಯಿಯ ಸಂದಿ ಮಾತ್ರ ಬೇಡವೇ ಬೇಡ. ಕೋಳಿಗಳು ಸಾಯುವುದು ಅಂತಹ ಮೂಲೆಯಲ್ಲಿ ಸಿಕ್ಕಿಬಿದ್ದಾಗಲೇ.

ನೆಲಕ್ಕೆ ಮೂರು ನಾಲ್ಕು ಇಂಚು ಭತ್ತದ ಹೊಟ್ಟು ಹಾಸಿ, ವಾರಕ್ಕೆರಡು ಸಲ ಕೆದಕಿ ಮಗುಚಬೇಕು. ಗೂಡಿನೊಳಗೆ ಬಗ್ಗಿದಾಗ ಕಣ್ಣು ಉರಿದರೆ ಹಾಸು ಬದಲಿಸುವ ಕಾಲ ಮೀರಿದೆ ಎಂದರ್ಥ.

ಹೊಸ ಕೋಳಿಗಳನ್ನು ಬೆರೆಸಲು ನಮ್ಮ ಕಡೆ ಅಕ್ಟೋಬರ್‌ನಿಂದ ಫೆಬ್ರುವರಿವರೆಗಿನ ಕಾಲ ಒಳ್ಳೆಯದು. ಮಲೆನಾಡು, ಕರಾವಳಿಗಳಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಕೋಳಿಗಳು ದಿನಗಟ್ಟಲೆ ಒಳಗೇ ಮುದುಡಿ ಕೂರುತ್ತವೆ, ಹಾಸು ಒದ್ದೆಯಾಗುತ್ತದೆ, ರಕ್ತಭೇದಿ ಬರುತ್ತದೆ, ಬೇಸರಕ್ಕೆ ಒಂದನ್ನೊಂದು ಕುಕ್ಕುತ್ತವೆ. ಬಯಲುಸೀಮೆಯ ಏಪ್ರಿಲ್ ಬಿಸಿಲೂ ಅಷ್ಟೇ ಕೆಟ್ಟದ್ದು.

ಹಂತ 2: ಯಾವ ತಳಿಯ ಜೊತೆ ಯಾವ ತಳಿ

ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಯಾದ ಗಿರಿರಾಜ ಮೈಯಲ್ಲಿ ದೊಡ್ಡದು, ಸ್ವಭಾವದಲ್ಲಿ ಸೌಮ್ಯ, ವರ್ಷಕ್ಕೆ ಸುಮಾರು 130ರಿಂದ 150 ಮೊಟ್ಟೆ ಕೊಡುತ್ತದೆ, ಕಾವಿಗೆ ಕೂರುವುದಿಲ್ಲ. ಗಾತ್ರ ನೋಡಿ ಇದು ನಾಟಿಯನ್ನು ಹೆದರಿಸುತ್ತದೆ ಎಂದುಕೊಳ್ಳುವವರು ಮೋಸಹೋಗುತ್ತಾರೆ. ಬೆಳೆದ ನಾಟಿ ಹೇಂಟೆ ತನ್ನ ಎರಡು ಪಟ್ಟು ತೂಕದ ಗಿರಿರಾಜವನ್ನು ಹಿತ್ತಲ ತುಂಬ ಓಡಿಸುತ್ತದೆ, ಏಕೆಂದರೆ ಜಾಗ ತನ್ನದೆಂಬ ಧೈರ್ಯ ಅದಕ್ಕಿದೆ, ಕಾಲಿನ ಚುರುಕೂ ಇದೆ. ಆದರೆ ಬಟ್ಟಲಿನ ಮುಂದೆ ಮಾತ್ರ ಗಿರಿರಾಜ ಮೈಭಾರದಿಂದಲೇ ಎಳೆಯವನ್ನು ಒತ್ತರಿಸುತ್ತದೆ.

ಅದೇ ಹೆಬ್ಬಾಳದ ಸ್ವರ್ಣಧಾರ ಗಿರಿರಾಜಕ್ಕಿಂತ ಹಗುರ, ವರ್ಷಕ್ಕೆ 180ರಿಂದ 190 ಮೊಟ್ಟೆಯ ಸಾಮರ್ಥ್ಯದ್ದು. ನಾಯಿ, ಮುಂಗುಸಿ ಬಂದಾಗ ಓಡಿ ತಪ್ಪಿಸಿಕೊಳ್ಳುವ ಚುರುಕು ಇದಕ್ಕೆ ಹೆಚ್ಚು. ಮೊದಲ ಸಲ ಬೆರಕೆ ಹಿಂಡು ಮಾಡುವವರಿಗೆ ನಾಟಿಯ ಜೊತೆ ಸ್ವರ್ಣಧಾರ, ಇವೆರಡೇ ಸಾಕು ಎಂಬುದು ನನ್ನ ಸಲಹೆ. ಗಿರಿರಾಜ, ಸ್ವರ್ಣಧಾರಗಳ ಮೊಟ್ಟೆಯನ್ನು ನಾಟಿ ಕೋಳಿಯಡಿ ಕಾವಿಗಿಟ್ಟು ಮರಿ ಮಾಡಿದರೆ ಮುಂದಿನ ಪೀಳಿಗೆಯಲ್ಲಿ ಅದೇ ತೂಕ, ಅದೇ ಮೊಟ್ಟೆ ಸಿಗುವುದಿಲ್ಲ. ಮರಿಗಳನ್ನು ಪ್ರತಿ ಸಲ ಮೂಲದಿಂದಲೇ ತರಬೇಕು.

ಮಧ್ಯಪ್ರದೇಶದ ಝಾಬುವಾದ ಕಡಕ್‌ನಾಥ್ ಹಗುರ ಮೈಯ, ಬೆದರು ಸ್ವಭಾವದ ಕೋಳಿ. ಎಲ್ಲವೂ ಕೆಂಪು, ಕಂದು ಇರುವ ಹಿಂಡಿನಲ್ಲಿ ಕಪ್ಪು ಮೈ, ಕಪ್ಪು ಜುಟ್ಟು ಎದ್ದು ಕಾಣುವುದರಿಂದ ಒಂಟಿಯಾಗಿ ಬಂದ ಕಡಕ್‌ನಾಥ್ ಮೇಲೆ ಹಿಂಡೇ ಎರಗುತ್ತದೆ. ಮೂರಕ್ಕೆ ಕಡಿಮೆ ತರಬೇಡಿ. ಕೊಳ್ಳುವಾಗ ನಾಲಿಗೆ, ಕಾಲು, ಚರ್ಮ ಎಲ್ಲವೂ ಕಪ್ಪಾಗಿವೆಯೇ ನೋಡಿ. ಮೊಟ್ಟೆ ಮಾತ್ರ ತಿಳಿಕಂದು. ಕಪ್ಪು ಮೊಟ್ಟೆಯ ಮಾತನ್ನು ನಂಬಬೇಡಿ.

ಕಾದಾಟದ ತಳಿಯಾದ ಅಸೀಲನ್ನು ಬೆರಕೆ ಹಿಂಡಿಗೆ ಸೇರಿಸಲೇಬಾರದು. ಅದರ ಮರಿಗಳೇ ಕೆಲವು ವಾರಗಳಲ್ಲಿ ಒಂದರ ಮೇಲೊಂದು ಬೀಳುತ್ತವೆ, ಹೇಂಟೆಗಳೂ ಸೋಲೊಪ್ಪದೆ ಕಾದುತ್ತವೆ. ಬೇರೆ ತಳಿಗಳಲ್ಲಿ ಸೋತದ್ದು ತಲೆ ತಗ್ಗಿಸಿ ಸರಿದರೆ ಗೆದ್ದದ್ದು ಬಿಡುತ್ತದೆ; ಅಸೀಲಿನಲ್ಲಿ ಆ ಬಿಡುವ ಗುಣ ಕಡಿಮೆ. ಸಾಕುವ ಆಸೆಯಿದ್ದರೆ ಬೇರೆಯೇ ಬೇಲಿಯಲ್ಲಿ ಸಾಕಿ. ಕೋಳಿ ಅಂಕ ಕಟ್ಟಿ ಕಾದಾಡಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಡಿ ಅಪರಾಧ ಎಂಬುದೂ ತಿಳಿದಿರಲಿ.

ಫಾರಂಗಳಿಂದ ಬರುವ ಕಂದು ಲೇಯರ್ (ಮೊಟ್ಟೆಗೆಂದೇ ಸಾಕುವ) ಕೋಳಿಗಳಿಗೆ ಸಾಮಾನ್ಯವಾಗಿ ಕೊಕ್ಕಿನ ತುದಿ ಕತ್ತರಿಸಿರುತ್ತಾರೆ. ಅವು ತಿರುಗಿ ಕುಕ್ಕಿದರೂ ತಾಗುವುದಿಲ್ಲ, ಹಾಗಾಗಿ ಸರದಿಯಲ್ಲಿ ಯಾವಾಗಲೂ ಕಡೆಗೇ ಉಳಿಯುತ್ತವೆ. ಅವುಗಳಿಗೆ ಮೇವು ತಲುಪುತ್ತಿದೆಯೇ ಎಂದು ಬೇರೆಯಾಗಿ ನೋಡಬೇಕು. ತಲೆಯ ಮೇಲೆ ದೊಡ್ಡ ಗರಿಯ ಕುಚ್ಚಿರುವ ಕೋಳಿಗೆ ಪಕ್ಕದಿಂದ ಬಂದ ಪೆಟ್ಟು ಕಾಣುವುದಿಲ್ಲ. ಕಣ್ಣಿಗೆ ಅಡ್ಡ ಬರುವ ಗರಿಯನ್ನಷ್ಟು ಕತ್ತರಿಸಿಬಿಡಿ. ಬ್ರಾಯ್ಲರ್ ಮರಿಯನ್ನು ಯಾವುದರ ಜೊತೆಗೂ ಸೇರಿಸಬೇಡಿ.

ಹಂತ 3: ಮರಿಯಿಂದಲೇ ಆರಂಭಿಸುವುದಾದರೆ

ಬೇರೆ ಬೇರೆ ತಳಿಯ ಮರಿಗಳು ಒಂದೇ ದಿನ, ಒಂದೇ ಬಲ್ಬಿನಡಿ ಬೆಳೆದರೆ ಮುಂದೆ ಅವುಗಳೊಳಗೆ ದೊಡ್ಡ ಜಗಳವಿರುವುದಿಲ್ಲ. ವಯಸ್ಸಿನಲ್ಲಿ ಒಂದು ವಾರಕ್ಕಿಂತ ಹೆಚ್ಚು ಅಂತರವಿರುವ ಮರಿಗಳನ್ನು ಮಾತ್ರ ಒಟ್ಟಿಗೆ ಹಾಕಬೇಡಿ.

ಮೊದಲ ವಾರ ಮರಿಯ ಬೆನ್ನಿನ ಮಟ್ಟದಲ್ಲಿ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬಿಸಿಯಿರಲಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಿ. ಥರ್ಮಾಮೀಟರ್ ಇಲ್ಲದಿದ್ದರೂ ಮರಿಗಳೇ ಹೇಳುತ್ತವೆ: ಬಲ್ಬಿನಡಿ ಒಂದರ ಮೇಲೊಂದು ಒತ್ತಿಕೊಂಡರೆ ಚಳಿ, ಅಂಚಿಗೆ ಓಡಿ ಬಾಯಿ ತೆರೆದರೆ ಸೆಕೆ, ಹರಡಿಕೊಂಡು ಮಲಗಿದರೆ ಸರಿ. ಸೆಕೆ ಹೆಚ್ಚಾದಾಗ ಮತ್ತು ಬೆಳಕು ಕಣ್ಣು ಕೋರೈಸುವಂತಿದ್ದಾಗ ಮರಿಗಳು ಒಂದರ ಬೆರಳನ್ನೊಂದು ಕುಕ್ಕತೊಡಗುತ್ತವೆ. ಕೆಂಪು ಬಲ್ಬು ಹಾಕಿದರೆ ಈ ತೊಂದರೆ ಬಹಳ ಕಡಿಮೆ. ಸುತ್ತ ಕಟ್ಟುವ ರಟ್ಟಿನ ತಡೆ ದುಂಡಗಿರಲಿ. ಚೌಕವಿದ್ದರೆ ಮೂಲೆಗೆ ನುಗ್ಗಿ ಕೆಳಗಿನ ಮರಿ ಉಸಿರುಗಟ್ಟಿ ಸಾಯುತ್ತದೆ.

ಇದಕ್ಕಿಂತ ಸುಲಭವಾದ ದಾರಿ ನಾಟಿ ತಾಯಿಯದು. ಮೂರು ವಾರದಿಂದ ಕಾವಿಗೆ ಕೂತ ನಾಟಿ ಹೇಂಟೆಯಿದ್ದರೆ, ಒಂದೆರಡು ದಿನದ ಸ್ವರ್ಣಧಾರ ಮರಿಗಳನ್ನು ರಾತ್ರಿ ಕತ್ತಲಲ್ಲಿ, ಟಾರ್ಚನ್ನು ಬಟ್ಟೆಯಿಂದ ಮುಚ್ಚಿ, ಒಂದೊಂದಾಗಿ ಅದರ ರೆಕ್ಕೆಯಡಿ ಜಾರಿಸಿ, ಹಾಗೆಯೇ ಮೊಟ್ಟೆಗಳನ್ನು ತೆಗೆಯುತ್ತಾ ಬನ್ನಿ. ಹೇಂಟೆ ಗಂಟಲಲ್ಲೇ ಮೆಲ್ಲಗೆ ಲೊಚ್ಚುಗುಟ್ಟಿ ರೆಕ್ಕೆ ಅಗಲಿಸಿದರೆ ಒಪ್ಪಿಕೊಂಡಿತು ಎಂದು ತಿಳಿಯಿರಿ. ಹತ್ತು ಹನ್ನೆರಡು ಮರಿ ಒಂದು ತಾಯಿಗೆ ಸಾಕು. ಬೆಳಗಿನ ಜಾವವೇ ಎದ್ದು ನೋಡುವುದು ಕಡ್ಡಾಯ, ಏಕೆಂದರೆ ಒಪ್ಪದ ಹೇಂಟೆ ಬೆಳಕು ಹರಿಯುತ್ತಲೇ ಮರಿಯ ನೆತ್ತಿಗೆ ಕುಕ್ಕುತ್ತದೆ. ಒಪ್ಪಿದ ತಾಯಿಯ ಹಿಂದೆ ಬೆಳೆದ ಮರಿಗಳಿಗೆ ಮುಂದಿನ ಎರಡು ಹಂತಗಳ ಪ್ರತ್ಯೇಕ ವಾಸ, ಬಲೆಯ ಪರಿಚಯಗಳ ಅಗತ್ಯವಿರುವುದಿಲ್ಲ, ಲಸಿಕೆ ಮಾತ್ರ ತಪ್ಪಿಸಬಾರದು. ಹಿಂಡಿನ ಇತರ ಕೋಳಿಗಳಿಗೆ ಅವುಗಳನ್ನು ಪರಿಚಯಿಸುವ ಕೆಲಸವನ್ನು ತಾಯಿಯೇ ಮಾಡುತ್ತದೆ.

ಹಂತ 4: ಮೂವತ್ತು ದಿನದ ಪ್ರತ್ಯೇಕ ವಾಸ

ಸಂತೆಯಿಂದ, ನೆಂಟರ ಮನೆಯಿಂದ, ಫಾರಂನಿಂದ, ಎಲ್ಲಿಂದ ಬಂದರೂ ಹೊಸ ಕೋಳಿ ಮೂವತ್ತು ದಿನ ಬೇರೆಯೇ ಇರಬೇಕು. ಪಂಜರವನ್ನು ಹಿತ್ತಲಿನ ಆಚೆ ತುದಿಯಲ್ಲಿ ಇಡಿ. ದಿನವೂ ಹಳೆಯ ಕೋಳಿಗಳ ಕೆಲಸ ಮೊದಲು, ಹೊಸದರ ಕೆಲಸ ಆಮೇಲೆ. ಬಟ್ಟಲು, ಚಪ್ಪಲಿ ಬೇರೆ ಬೇರೆ.

ಈ ಅವಧಿಯಲ್ಲಿ ಸೀನು, ಮೂಗಿನ ಲೋಳೆ, ಹಸಿರು ಅಥವಾ ರಕ್ತ ಬೆರೆತ ಹಿಕ್ಕೆ, ಜೋಲುವ ರೆಕ್ಕೆ, ತಿರುಚುವ ಕತ್ತು ಇವೆಯೇ ನೋಡಿ. ಗುದದ ಸುತ್ತ ಮತ್ತು ರೆಕ್ಕೆಯಡಿ ಗರಿ ಬಿಡಿಸಿ ಹೇನು ಹುಡುಕಿ. ಹೇನು, ನುಸಿ ಇರುವ ಕೋಳಿ ತನ್ನ ಗರಿಯನ್ನು ತಾನೇ ಕಿತ್ತುಕೊಂಡು ಚರ್ಮ ಕೆಂಪಗೆ ಮಾಡಿಕೊಳ್ಳುತ್ತದೆ. ಆ ಕೆಂಪು ಕಂಡರೆ ಇತರ ಕೋಳಿಗಳು ಕುಕ್ಕದೆ ಬಿಡುವುದಿಲ್ಲ. ಕೆಲವು ನುಸಿಗಳು ಹಗಲು ಗಳುವಿನ ಸಂದಿಯಲ್ಲಿ ಅಡಗಿದ್ದು ರಾತ್ರಿ ಮಾತ್ರ ಮೈಗೇರುತ್ತವೆ, ಆದ್ದರಿಂದ ರಾತ್ರಿಯೂ ಒಮ್ಮೆ ಟಾರ್ಚು ಹಾಕಿ ನೋಡಿ.

ಲಸಿಕೆಯ ಲೆಕ್ಕವನ್ನೂ ಇಲ್ಲೇ ಮುಗಿಸಿಕೊಳ್ಳಬೇಕು. ಮರಿಯ ವಯಸ್ಸಿನ ಲೆಕ್ಕದಲ್ಲಿ, ಕೊಕ್ಕರೆ ರೋಗಕ್ಕೆ (ರಾಣಿಖೇತ್) ಮೊದಲ ವಾರದಲ್ಲಿ ಲಸೋಟಾ ಅಥವಾ ಎಫ್ ಲಸಿಕೆಯ ಹನಿ, ಎರಡನೆಯ ವಾರದಲ್ಲಿ ಗುಂಬೋರೊ ರೋಗದ ಲಸಿಕೆ, ನಾಲ್ಕನೆಯ ವಾರದಲ್ಲಿ ಮತ್ತೆ ಲಸೋಟಾ, ಆರನೆಯ ವಾರದ ಸುಮಾರಿಗೆ ಕೋಳಿ ಸಿಡುಬು, ಎಂಟನೆಯ ವಾರದ ನಂತರ ಮತ್ತೆ ಕೊಕ್ಕರೆ ರೋಗಕ್ಕೇ ಆರ್2ಬಿ ಚುಚ್ಚುಮದ್ದು ಎಂಬುದು ಸಾಮಾನ್ಯ ಕ್ರಮ. ನಿಮ್ಮ ಭಾಗದ ರೋಗ ನೋಡಿಕೊಂಡು ಪಶುವೈದ್ಯರು ಇದರಲ್ಲಿ ವ್ಯತ್ಯಾಸ ಹೇಳಿದರೆ ಅವರ ಮಾತೇ ನಡೆಯಲಿ. ಲಸಿಕೆಯನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿ ಐಸ್ ಜೊತೆಗೇ ತರಬೇಕು. ಜೇಬಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದ ಲಸಿಕೆ ಹಾಕಿದರೂ ಹಾಕದಂತೆಯೇ. ಲಸಿಕೆ ಹಾಕಿದ ಎರಡು ವಾರ ಕೋಳಿಯನ್ನು ಬೇರೆ ಯಾವ ಒತ್ತಡಕ್ಕೂ ಒಡ್ಡಬೇಡಿ.

ಹಂತ 5: ಬಲೆಯ ಆಚೆ ಈಚೆ ಪರಿಚಯ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು, ಹೆಚ್ಚಿನ ಸಾವುಗಳ ಮೂಲವೂ ಹೀಗೆ ಬಿಡುವುದೇ. ಒಂದು ಸಲ ನಾನೇ ಅವಸರಕ್ಕೆ ಬಿದ್ದು, ಮೊಟ್ಟೆಗೆ ಬರಲಿದ್ದ ಎಳೆ ಕಡಕ್‌ನಾಥ್ ಹೇಂಟೆಯೊಂದನ್ನು ಒಂಟಿಯಾಗಿ ನೇರವಾಗಿ ಬೇಲಿಯೊಳಗೆ ಬಿಟ್ಟಿದ್ದೆ. ಮಧ್ಯಾಹ್ನ ಬಿಟ್ಟದ್ದು, ಸಂಜೆ ದೀಪ ಹಚ್ಚುವ ಹೊತ್ತಿಗೆ ನೀರಿನ ತೊಟ್ಟಿಯ ಹಿಂದೆ ಗೋಡೆಗೆ ಮುಖ ಒತ್ತಿ ನಿಂತಿತ್ತು. ಜುಟ್ಟಿನ ಹಿಂದಿನಿಂದ ಕತ್ತಿನವರೆಗೆ ಚರ್ಮ ಸುಲಿದಿತ್ತು, ಕಪ್ಪು ಗರಿಯಾದ್ದರಿಂದ ರಕ್ತ ದೂರಕ್ಕೆ ಕಂಡಿರಲೇ ಇಲ್ಲ. ಅಂದಿನಿಂದ ಕಪ್ಪು ಕೋಳಿಯನ್ನು ಕಣ್ಣಿನಿಂದ ನೋಡುವುದಷ್ಟೇ ಅಲ್ಲ, ಬಿಳಿ ಬಟ್ಟೆಯಿಂದ ತಲೆ ಒರೆಸಿ ಪರೀಕ್ಷಿಸುತ್ತೇನೆ. ನೀವೂ ಹಾಗೆಯೇ ಮಾಡಿ.

ಪ್ರತ್ಯೇಕ ವಾಸ ಮುಗಿದ ಮೇಲೆ ಹೊಸ ಕೋಳಿಗಳ ಪಂಜರವನ್ನು ಹಳೆಯವುಗಳ ಬೇಲಿಯೊಳಗೇ ತಂದಿಡಿ, ಅಥವಾ ಬೇಲಿಯನ್ನೇ ತಂತಿಬಲೆಯಿಂದ ಎರಡು ಪಾಲು ಮಾಡಿ. ಬಲೆಯ ಕಣ್ಣು ಅರ್ಧ ಇಂಚಿಗಿಂತ ದೊಡ್ಡದಿರಬಾರದು. ದೊಡ್ಡದಿದ್ದರೆ ತಲೆ ತೂರಿಸಿ ಕಣ್ಣು ಕಳೆದುಕೊಳ್ಳುತ್ತವೆ. ಬಲೆಯ ಎರಡೂ ಬದಿಗೆ, ಒಂದಕ್ಕೊಂದು ಎದುರಾಗಿ, ಮೇವಿನ ಬಟ್ಟಲು ಇಡಿ. ಹತ್ತರಿಂದ ಹದಿನಾಲ್ಕು ದಿನ ಹೀಗೇ ಇರಲಿ.

ನಾಲ್ಕನೆಯ ದಿನ ಬಲೆಯ ಪಕ್ಕ ಹತ್ತು ನಿಮಿಷ ಸದ್ದಿಲ್ಲದೆ ಕುಳಿತು ನೋಡಿ. ಹಳೆಯ ಹೇಂಟೆಯೊಂದು ಕತ್ತಿನ ಗರಿ ಕೆದರಿ, ತಲೆಯನ್ನು ನೆಲದ ಮಟ್ಟಕ್ಕೆ ಇಳಿಸಿ ಬಲೆಗೆ ಬಂದು ನಿಲ್ಲುತ್ತದೆ. ಆಚೆಯದು ಹಿಂದೆ ಸರಿದು, ಕಾಳೇ ಇಲ್ಲದ ನೆಲವನ್ನು ಸುಮ್ಮನೆ ಒಂದೆರಡು ಸಲ ಕುಕ್ಕುತ್ತದೆ. ಸೋತೆನೆಂದು ಒಪ್ಪಿಕೊಳ್ಳುವ ಬಗೆ ಅದು. ಅದನ್ನು ಕಂಡು ಹಳೆಯದರ ಕತ್ತಿನ ಗರಿ ಇಳಿದು, ಅದು ತನ್ನ ಮೇವಿಗೆ ತಿರುಗಿದರೆ ಪರಿಚಯ ಸರಿದಾರಿಯಲ್ಲಿದೆ. ಎರಡೂ ಕಡೆಯವು ಬಲೆಯ ಪಕ್ಕದಲ್ಲೇ ಮೇಯುತ್ತಾ, ಮಧ್ಯಾಹ್ನ ಬಲೆಗೆ ಒರಗಿ ಮಣ್ಣಿನಲ್ಲಿ ಹೊರಳುವ ಮಟ್ಟಕ್ಕೆ ಬಂದಾಗ ಮುಂದಿನ ಹಂತಕ್ಕೆ ಹೋಗಬಹುದು. ಹದಿನಾಲ್ಕು ದಿನ ಕಳೆದರೂ ಒಂದೇ ಹೇಂಟೆ ಬಲೆಯ ಉದ್ದಕ್ಕೂ ಹೊಸದರ ಜೊತೆಜೊತೆಗೆ ನಡೆಯುತ್ತಾ ಬಲೆಗೆ ಎಗರುತ್ತಿದ್ದರೆ ಅದರ ಉಂಗುರದ ಬಣ್ಣ ಬರೆದಿಟ್ಟುಕೊಳ್ಳಿ. ಮುಂದಿನ ತೊಂದರೆ ಬರುವುದು ಅದರಿಂದಲೇ.

ಹಂತ 6: ಬೆರೆಸುವ ದಿನ

ಹೊಸ ಕೋಳಿಗಳು ಎಂಟು ಹತ್ತು ವಾರ ದಾಟಿರಬೇಕು, ಹಳೆಯವುಗಳ ಮುಕ್ಕಾಲು ಗಾತ್ರಕ್ಕಾದರೂ ಬಂದಿರಬೇಕು. ತೂಗಿ ನೋಡಿ, ಕಣ್ಣಂದಾಜು ಬೇಡ.

ಹಿಂದಿನ ಹಂತದಲ್ಲಿ ಗುರುತು ಮಾಡಿಕೊಂಡ ಜಗಳಗಂಟಿ ಹೇಂಟೆಯನ್ನು ಎರಡು ದಿನ ಮೊದಲೇ ಹಿಡಿದು ಪಂಜರಕ್ಕೆ ಹಾಕಿ. ಬೆರೆಸುವ ದಿನ ಬೆಳಗ್ಗೆ ಗಳು, ಬಟ್ಟಲು, ಹಲಗೆಗಳ ಜಾಗವನ್ನೆಲ್ಲ ಬದಲಿಸಿ. ಆಗ ಹಳೆಯ ಕೋಳಿಗಳಿಗೂ ಜಾಗ ಹೊಸದಾಗಿ ಕಾಣುತ್ತದೆ, ಇದು ನನ್ನದು ಎಂಬ ಹಕ್ಕು ಸ್ವಲ್ಪ ಸಡಿಲವಾಗುತ್ತದೆ. ಎರಡೂ ಗುಂಪಿಗೆ ಹೊಟ್ಟೆ ತುಂಬ ಮೇವು ಕೊಟ್ಟು, ಸಂಜೆ ಕತ್ತಲಾಗಲು ಒಂದು ಗಂಟೆ ಇರುವಾಗ ಬಲೆ ತೆರೆಯಿರಿ. ಕೋಸಿನ ಹೊರ ಎಲೆ, ನುಗ್ಗೆಸೊಪ್ಪಿನ ಕಟ್ಟುಗಳನ್ನು ಕೋಳಿಯ ತಲೆಯ ಎತ್ತರಕ್ಕೆ ಮೂರು ನಾಲ್ಕು ಕಡೆ ತೂಗುಹಾಕಿ; ಎಗರಿ ಎಗರಿ ಎಳೆಯುವುದರಲ್ಲೇ ಅವುಗಳ ಹೊತ್ತು ಹೋಗುತ್ತದೆ.

ಮೊದಲ ದಿನ ಒಂದು ಗಂಟೆ, ಎರಡನೆಯ ದಿನ ಎರಡು ಗಂಟೆ, ಮೂರನೆಯ ದಿನ ಅರ್ಧ ದಿನ ಒಟ್ಟಿಗೆ ಬಿಡಿ. ಮೂರನೆಯ ರಾತ್ರಿ ಹೊಸವನ್ನು ಕತ್ತಲಲ್ಲಿ ಎತ್ತಿ ಹಳೆಯವುಗಳ ನಡುವೆ ಗಳುವಿನ ಮೇಲೆ ಕೂರಿಸಿ. ರಾತ್ರಿ ಕೂರಿಸಿದರೆ ಬೆಳಗ್ಗೆ ಮರೆತುಬಿಡುತ್ತವೆ ಎಂಬ ಮಾತು ಅರ್ಧ ಮಾತ್ರ ನಿಜ. ಬಲೆಯ ಪರಿಚಯ ಆಗಿದ್ದರೆ ಅದು ಫಲ ಕೊಡುತ್ತದೆ, ಇಲ್ಲದಿದ್ದರೆ ಬೆಳಕು ಹರಿಯುತ್ತಲೇ ಮುಚ್ಚಿದ ಗೂಡಿನೊಳಗೆ ಕೊಲೆಯೇ ನಡೆಯುತ್ತದೆ. ಮರುದಿನ ಬೆಳಕು ಮೂಡುವ ಮುನ್ನ ನೀವು ಗೂಡಿನ ಬಾಗಿಲಲ್ಲಿರಬೇಕು.

ಪಂಜರದಲ್ಲಿಟ್ಟ ಹೇಂಟೆಯನ್ನು ಐದಾರು ದಿನದ ಮೇಲೆ, ಎಲ್ಲ ತಣ್ಣಗಾದ ನಂತರ ಬಿಡಿ. ಆಗ ಅದು ಹೊಸಬಳಂತೆ ಒಳಬರುತ್ತದೆ.

ಹಂತ 7: ಯಾವ ಜಗಳಕ್ಕೆ ಕೈ ಹಾಕಬೇಕು, ಯಾವುದಕ್ಕೆ ಬೇಡ

ಅಟ್ಟಿಸುವುದು, ಒಂದು ಕುಕ್ಕು ಹಾಕಿ ಬಿಡುವುದು, ಎದೆಗೆ ಎದೆ ಕೊಟ್ಟು ಒಂದೆರಡು ಸಲ ಎಗರುವುದು, ಗಳುವಿನಿಂದ ನೂಕುವುದು: ಇವೆಲ್ಲ ಸರದಿ ಗೊತ್ತಾಗುವ ಬಗೆ. ವಾರ ಹತ್ತು ದಿನದಲ್ಲಿ ತಾವಾಗಿಯೇ ನಿಲ್ಲುತ್ತವೆ. ನಡುವೆ ನುಗ್ಗಿ ಬಿಡಿಸಿದರೆ ಮುಗಿಯಬೇಕಾದ ಜಗಳ ನಾಳೆಗೆ ಉಳಿಯುತ್ತದೆ.

ರಕ್ತ ಕಂಡರೆ, ಎರಡು ಮೂರು ಕೋಳಿ ಸೇರಿ ಒಂದನ್ನೇ ಮೂಲೆಗೊತ್ತಿದರೆ, ಬಿದ್ದ ಕೋಳಿಯ ಬೆನ್ನೇರಿ ತಲೆಗೆ ಕುಕ್ಕುತ್ತಿದ್ದರೆ, ಗುದದ ಭಾಗಕ್ಕೆ ಕುಕ್ಕಿದರೆ, ಒಂದು ಕೋಳಿ ಇಡೀ ದಿನ ಗಳುವಿನಿಂದ ಇಳಿಯದಿದ್ದರೆ ಆ ಕ್ಷಣವೇ ಬೇರೆ ಮಾಡಬೇಕು. ಗುದ ಕುಕ್ಕುವುದು ಇವುಗಳಲ್ಲಿ ಎಲ್ಲಕ್ಕಿಂತ ಅಪಾಯದ್ದು. ಮೊದಲ ಸಲ ದೊಡ್ಡ ಮೊಟ್ಟೆ ಇಟ್ಟ ಎಳೆ ಹೇಂಟೆಯ ಹಿಂಭಾಗ ಕೆಲವು ನಿಮಿಷ ಕೆಂಪಗೆ ಹೊರಚಾಚಿರುತ್ತದೆ. ಬೆಳಕಿನ ಜಾಗದಲ್ಲಿ ಮೊಟ್ಟೆ ಇಟ್ಟರೆ ಅದು ಇತರರ ಕಣ್ಣಿಗೆ ಬಿದ್ದು, ಕರುಳೇ ಹೊರಬರುವವರೆಗೆ ಕುಕ್ಕುತ್ತವೆ. ಮೊಟ್ಟೆಯ ಬುಟ್ಟಿ ಅರೆಗತ್ತಲೆಯಲ್ಲಿರಬೇಕು ಎಂದು ಮೊದಲ ಹಂತದಲ್ಲಿ ಹೇಳಿದ್ದು ಇದಕ್ಕೇ.

ಹಗಲು ನೋಡಿ ತಿಳಿಯದ್ದನ್ನು ರಾತ್ರಿ ಕೈ ಹೇಳುತ್ತದೆ. ಕೋಳಿಗಳು ಗಳುವೇರಿದ ಮೇಲೆ, ಕತ್ತಿನ ಬುಡದಲ್ಲಿ ಎದೆಯ ಬಲಕ್ಕಿರುವ ಕಾಳಿನ ಚೀಲವನ್ನು ಮುಟ್ಟಿ ನೋಡಿ. ಹೊಟ್ಟೆ ತುಂಬ ಮೇದ ಕೋಳಿಯದು ನಿಂಬೆಹಣ್ಣಿಗಿಂತ ದೊಡ್ಡದಾಗಿ, ಹಿಟ್ಟಿನ ಉಂಡೆಯಂತೆ ಸಿಗುತ್ತದೆ. ಖಾಲಿ ಚೀಲವಾಗಿ ಚರ್ಮ ಮಾತ್ರ ಕೈಗೆ ಸಿಕ್ಕರೆ ಆ ಕೋಳಿಯನ್ನು ಇತರವು ಬಟ್ಟಲಿನ ಹತ್ತಿರಕ್ಕೇ ಬಿಟ್ಟಿಲ್ಲ. ಎರಡು ರಾತ್ರಿ ಹೀಗಾದರೆ ಮೈಮೇಲೆ ಒಂದು ಗಾಯವೂ ಇಲ್ಲದೆ ಅದು ಸಾಯುವ ದಾರಿಯಲ್ಲಿದೆ.

ಜಗಳದ ಗಾಯವೆಂದು ತಪ್ಪು ತಿಳಿಯುವ ಎರಡು ಸಂಗತಿಗಳಿವೆ. ಜುಟ್ಟು, ಕಣ್ಣು, ಬಾಯಿಯ ಸುತ್ತ ಗಂಟುಗಂಟಾಗಿ ಎದ್ದು ಕಪ್ಪು ಹಕ್ಕಳೆಯಾದರೆ ಅದು ಕೋಳಿ ಸಿಡುಬು. ಹುಂಜವಿರುವ ಹಿಂಡಿನಲ್ಲಿ ಹೇಂಟೆಯ ಬೆನ್ನಿನ ನಡುವೆ ಮಾತ್ರ ಗರಿ ಸವೆದಿದ್ದರೆ ಅದು ಹುಂಜ ಏರಿ ಆದದ್ದು.

ಹಂತ 8: ಗಾಯವಾದಾಗ

ಗಾಯಗೊಂಡದ್ದನ್ನು ಮೊದಲು ಕತ್ತಲೆಯ ಪೆಟ್ಟಿಗೆಗೆ ಸೇರಿಸಿ, ಆಮೇಲೆ ಔಷಧ ಹುಡುಕಿ. ಹದ ಬಿಸಿಯ ಉಪ್ಪುನೀರಿನಲ್ಲಿ ತೊಳೆದು, ನೀರು ಬೆರೆಸಿದ ಪೊವಿಡೋನ್ ಅಯೋಡಿನ್ ಹಚ್ಚಿ. ಒಣಗಿದ ಮೇಲೆ ಕಣ್ಣು, ಬಾಯಿ ಬಿಟ್ಟು ಉಳಿದ ಕಡೆ ಜೆನ್ಷಿಯನ್ ವಯೋಲೆಟ್ ಹಚ್ಚಿದರೆ ಕೆಂಪು ಮರೆಯಾಗುತ್ತದೆ. ತಲೆಬುರುಡೆ ಕಾಣುವ ಗಾಯ, ಕಣ್ಣಿನ ಗಾಯ, ಹೊರಬಂದ ಕರುಳು, ಹುಳು ಬಿದ್ದ ಗಾಯಗಳಿಗೆ ಮನೆಮದ್ದು ಬೇಡ, ಪಶು ಆಸ್ಪತ್ರೆಗೆ ಒಯ್ಯಿರಿ. ಹೊಸ ಗರಿಯ ರಕ್ತ ತುಂಬಿದ ಮೊಳಕೆ ಮುರಿದು ರಕ್ತ ನಿಲ್ಲದಿದ್ದರೆ ಅರಿಸಿನಪುಡಿ ಅಥವಾ ಮೆಕ್ಕೆಜೋಳದ ಹಿಟ್ಟನ್ನು ಒತ್ತಿ ಹಿಡಿಯಿರಿ.

ಗಾಯ ಮಾಯುವವರೆಗೆ ಗಾಯಾಳುವಿನ ಪೆಟ್ಟಿಗೆ ಹಿಂಡಿನ ಕಣ್ಣಿಗೆ ಕಾಣುವಂತೆ ಬಲೆಯ ಆಚೆಗೇ ಇರಲಿ. ಒಳಕೋಣೆಯಲ್ಲಿ ಹದಿನೈದು ದಿನ ಅಡಗಿಸಿಟ್ಟು ತಂದರೆ ಹಿಂಡಿಗೆ ಅದು ಪರದೇಶಿ. ಐದನೆಯ ಹಂತದಿಂದ ಮತ್ತೆ ಆರಂಭಿಸಬೇಕಾಗುತ್ತದೆ.

ಹಂತ 9: ಮೇವಿನಲ್ಲಿ ಕೊರತೆಯಿದೆಯೇ ನೋಡುವುದು

ಸರದಿ ಎಲ್ಲ ಗೊತ್ತಾದ ಮೇಲೂ ಗರಿ ಕಿತ್ತು ತಿನ್ನುವುದು ಕಂಡರೆ ಮೇವಿನಲ್ಲಿ ಪ್ರೋಟೀನ್ ಅಥವಾ ಉಪ್ಪು ಕಡಿಮೆಯಿದೆಯೇ ಎಂದು ನೋಡಬೇಕು. ನುಚ್ಚು, ರಾಗಿ, ಜೋಳ ಮಾತ್ರ ತಿನ್ನುವ ಗಿರಿರಾಜ ಈ ಚಟಕ್ಕೆ ಬೇಗ ಬೀಳುತ್ತದೆ. ನಾಟಿಯಂತೆ ಹುಳುಹುಪ್ಪಟೆ ಹುಡುಕಿಕೊಂಡು ದೂರ ಹೋಗುವ ಅಭ್ಯಾಸ ಅದಕ್ಕೆ ಕಡಿಮೆ. ಮರಿಗಳಿಗೆ ಶೇ. 20ರಷ್ಟು, ಬೆಳೆದವಕ್ಕೆ ಶೇ. 16ರಿಂದ 18ರಷ್ಟು ಪ್ರೋಟೀನ್ ಬೇಕು. ಮನೆಯ ಕಾಳಿನ ಜೊತೆ ಕಡಲೆಕಾಯಿ ಹಿಂಡಿ, ಅಜೋಲಾ (ನೀರಿನ ಮೇಲೆ ತೇಲಿ ಬೆಳೆಯುವ ಪುಟ್ಟ ಸಸ್ಯ), ಒಣಮೀನಿನ ಪುಡಿ ಬೆರೆಸಬಹುದು. ಬೂಷ್ಟು ಹಿಡಿದ ಹಿಂಡಿ ಮತ್ತು ಉಪ್ಪಿನಕಾಯಿಯಂತಹ ಉಪ್ಪು ಹೆಚ್ಚಿರುವ ಉಳಿಕೆ ಎರಡೂ ವಿಷ.

ಎಳೆಯವು, ಬೆಳೆದವು ಒಂದೇ ಹಿಂಡಿನಲ್ಲಿದ್ದಾಗ ಎಲ್ಲಕ್ಕೂ ಗ್ರೋವರ್ ಮೇವು (ಬೆಳೆಯುವ ಕೋಳಿಗಳ ಮೇವು) ಹಾಕಿ, ಮೊಟ್ಟೆ ಇಡುವವಕ್ಕೆ ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಿನಲ್ಲಿಡಿ. ಲೇಯರ್ ಮೇವಿನಲ್ಲಿರುವ ಸುಣ್ಣದಂಶ ಎಳೆಯವುಗಳ ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. ಬೇಕಾದದ್ದು ಬೇಕಾದಷ್ಟು ಪುಡಿಯನ್ನು ತಾನೇ ತಿನ್ನುತ್ತದೆ.

ಹಂತ 10: ಹುಂಜಗಳು, ಕಾವಿನ ಕೋಳಿ ಮತ್ತು ತಿದ್ದಲಾಗದ್ದು

ಎಂಟರಿಂದ ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಮೊಟ್ಟೆಯಷ್ಟೇ ಬೇಕಾದವರಿಗೆ ಹುಂಜವೇ ಬೇಡ, ಆದರೆ ಒಳ್ಳೆಯ ಸ್ವಭಾವದ ಹುಂಜವೊಂದು ಹೇಂಟೆಗಳ ಜಗಳದ ನಡುವೆ ಬಂದು ನಿಂತು ಬಿಡಿಸುವುದನ್ನು ಅನೇಕ ಸಲ ಕಂಡಿದ್ದೇನೆ. ಒಟ್ಟಿಗೆ ಬೆಳೆದ ಹುಂಜಮರಿಗಳು ನಾಲ್ಕು ತಿಂಗಳವರೆಗೆ ಚೆನ್ನಾಗಿಯೇ ಇದ್ದು, ಕೂಗಲು ಕಲಿತ ವಾರದಲ್ಲೇ ತಿರುಗಿಬೀಳುತ್ತವೆ. ಯಾವುದನ್ನು ಉಳಿಸಿಕೊಳ್ಳಬೇಕೆಂದು ಅದಕ್ಕೆ ಮೊದಲೇ ತೀರ್ಮಾನಿಸಿ. ಗಾತ್ರ ನೋಡಬೇಡಿ, ಸಿಕ್ಕ ಕಾಳನ್ನು ತಾನು ನುಂಗದೆ ಹೇಂಟೆಗಳನ್ನು ಕರೆಯುವ ಹುಂಜವನ್ನು ಆರಿಸಿ.

ಕಾವಿಗೆ ಕೂತ ಹೇಂಟೆಗೆ ಬೇರೆ ಮೂಲೆ ಕೊಡಿ. ಮೊಟ್ಟೆಯಿಡಲು ಬಂದ ಕೋಳಿಯೊಡನೆ ಅದು ಜಗಳಕ್ಕಿಳಿದರೆ ಒಡೆಯುವುದು ಕಾವಿನ ಮೊಟ್ಟೆ. ಮರಿ ಮಾಡಿದ ಮೇಲೆ ಅದು ಇಡೀ ಹಿಂಡನ್ನೇ ಹೆದರಿಸಿ ಓಡಿಸುತ್ತದೆ, ಎರಡು ತಿಂಗಳ ಸುಮಾರಿಗೆ ಮರಿಗಳನ್ನು ತಾನೇ ಕುಕ್ಕಿ ಅಟ್ಟುತ್ತದೆ. ತಾಯಿಯ ಕಾವಲು ತಪ್ಪಿದ ಆ ವಾರದಲ್ಲಿ ಮರಿಗಳಿಗೆ ಪೆಟ್ಟು ಬೀಳುವುದು ಹೆಚ್ಚು. ಅವು ಮಾತ್ರ ನುಸುಳುವಷ್ಟು ಕಿಂಡಿಯಿರುವ ಮಕ್ಕರಿಯಡಿ ಮೇವಿಟ್ಟರೆ ಉಳಿದುಕೊಳ್ಳುತ್ತವೆ.

ಎರಡು ಸಲ ವಾರಗಟ್ಟಲೆ ಬೇರೆಯಿಟ್ಟು ತಂದರೂ ರಕ್ತ ಹರಿಸುವ ಕೋಳಿ ಅಪರೂಪಕ್ಕೆ ಒಂದಿರುತ್ತದೆ. ಅದನ್ನು ಹಿಂಡಿನಿಂದ ತೆಗೆದುಬಿಡುವುದೇ ಸರಿ. ಬೇರೆಯವರಿಗೆ ಕೊಡು‌ವುದಾದರೆ ಅದರ ಸ್ವಭಾವವನ್ನು ಮುಚ್ಚಿಡದೆ ಹೇಳಿ. ಅದು ಹೋದ ಮೇಲೆ ಉಳಿದವು ಮತ್ತೊಮ್ಮೆ ಸರದಿ ಗೊತ್ತುಮಾಡಿಕೊಳ್ಳಲು ಕುಕ್ಕಾಡುತ್ತವೆ, ಆದ್ದರಿಂದ ಮುಂದಿನ ನಾಲ್ಕು ದಿನ ಬೆಳಗ್ಗೆ ಬೇಗ ಎದ್ದು ಗೂಡು ತೆರೆಯಿರಿ, ರಾತ್ರಿ ಪ್ರತಿಯೊಂದರ ಕಾಳಿನ ಚೀಲವನ್ನು ಮುಟ್ಟಿ ನೋಡಿ.